ವಾರಾನ್ನದಿಂದ ವಿದ್ಯಾರ್ಥಿನಿಲಯಕ್ಕೆ: ಪುಣೆಯ ಕಾಲೇಜುಗಳೂ ಸರ್ವರ ಪ್ರವೇಶವೂ

ಪುಣೆಯು ಕನ್ನಡಿಗರಿಗೆ ಪರಸ್ಥಳವಾದರೂ ಅಪರಿಚಿತ ಸ್ಥಳವಲ್ಲ. ಧಾರವಾಡದಲ್ಲಿ ೧೯೧೭ರಲ್ಲಿ ಕರ್ನಾಟಕ ಕಾಲೇಜು ಸ್ಥಾಪಿತವಾಗುವವರೆಗೆ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ತರುಣರು ಮ್ಯಾಟ್ರಿಕ್ಯುಲೇಶನ್ ಮುಗಿಸಿದ ಮೇಲೆ ಸಾಮಾನ್ಯವಾಗಿ ಪುಣೆಯ ಅಥವಾ ಮುಂಬಯಿಯ ಹಾದಿಯನ್ನೇ ಹಿಡಿಯಬೇಕಾಗಿತ್ತು. ಆಲೂರ ವೆಂಕಟರಾಯರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ೧೯೦೩ರಲ್ಲಿ ಪದವೀಧರರಾದರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಅದೇ ಕಾಲೇಜಿನಿಂದ ೧೯೧೮ರಲ್ಲಿ ಬಿ.ಎ. ಪದವಿ ಪಡೆದರು. ಕರ್ನಾಟಕತ್ವದ ಭಾವನೆಯು ಚಿಗುರಲು ಈ ಪರವಾಸವೂ ಒಂದು ಕಾರಣವಾಯಿತೆಂದು ಹೇಳುವುದುಂಟು, ಅದು ಸುಳ್ಳಲ್ಲ. ಪರಭಾಷೆಯ ನಡುವೆ ನಿಂತಾಗಲೇ ಮನುಷ್ಯನಿಗೆ ತನ್ನ ನುಡಿಯ ನೆನಪು ಬಲವಾಗಿ ಆಗುತ್ತದೆ.

ಆದರೆ ಈ ಇತಿಹಾಸಕ್ಕೆ ಇನ್ನೊಂದು ಮಗ್ಗುಲಿದೆ. ಪುಣೆಯ ಕಾಲೇಜುಗಳಿಗೆ ಕನ್ನಡನಾಡಿನಿಂದ ಯಾರು ಬಂದರೆಂಬುದನ್ನು ನಾವು ಬಲ್ಲೆವು. ಯಾರು ಬರಲಾಗಲಿಲ್ಲ, ಏತಕ್ಕೆ ಬರಲಾಗಲಿಲ್ಲ ಎಂಬ ವಿಚಾರ ಅಷ್ಟಾಗಿ ನಡೆದಿಲ್ಲ. ವಿದ್ಯಾಲಯವೊಂದು ಎಲ್ಲ ಜಾತಿಮತಗಳವರಿಗೆ, ಎಲ್ಲ ಭಾಷೆಯವರಿಗೆ, ಸ್ತ್ರೀಪುರುಷರಿಬ್ಬರಿಗೆ, ದೇಶಾಂತರದಿಂದ ಬಂದವರಿಗೆ ತೆರೆದಿರಬೇಕೆಂಬ ತತ್ತ್ವವನ್ನು ಇಂದು ಎಲ್ಲರೂ ಒಪ್ಪುತ್ತಾರೆ. ಆ ತತ್ತ್ವವು ಪುಣೆಯಲ್ಲಿ ಯಾವ ಮೆಟ್ಟಿಲುಗಳನ್ನು ಹತ್ತಿ ಬಂದಿತೆಂಬುದನ್ನು ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ: ಬಾಗಿಲು ತೆರೆಯುವ ಆಜ್ಞೆಯು ಮೊದಲ ಮೆಟ್ಟಿಲು ಮಾತ್ರ, ಒಳಗೆ ಬಂದವನಿಗೆ ಮಲಗಲು ಸ್ಥಳವೂ ಉಣ್ಣಲು ಪಂಕ್ತಿಯೂ ದೊರೆತಾಗಲೇ ಆ ಬಾಗಿಲು ನಿಜವಾಗಿ ತೆರೆಯಿತೆನ್ನಬೇಕು.

೧. ದಕ್ಷಿಣೆಯ ನಿಧಿ

ಒಂದು ಸಂಸ್ಥೆಯ ಧ್ಯೇಯವನ್ನರಿಯಬೇಕಾದರೆ ಅದರ ಘೋಷಣೆಗಳಿಗಿಂತ ಅದರ ಜಮಾಖರ್ಚನ್ನು ನೋಡುವುದು ಮೇಲು. ಪುಣೆಯ ಉಚ್ಚ ಶಿಕ್ಷಣದ ಮೊದಲ ಬಂಡವಾಳವು ಪೇಶವೆಯರ ದಕ್ಷಿಣೆಯಿಂದ ಬಂದಿತು. ಶ್ರಾವಣ ಮಾಸದಲ್ಲಿ ವೇದಶಾಸ್ತ್ರಗಳನ್ನು ಬಲ್ಲ ಬ್ರಾಹ್ಮಣರಿಗೆ ಪುಣೆಯಲ್ಲಿ ಹಣ ಹಂಚುವ ಪದ್ಧತಿಯಿತ್ತು. ದೂರದೂರದ ಪ್ರಾಂತಗಳಿಂದ ವಿದ್ವಾಂಸರು ಅದಕ್ಕಾಗಿ ಬರುತ್ತಿದ್ದರು. ೧೮೧೮ರಲ್ಲಿ ಪೇಶವಾಯಿ ಮುಗಿದ ಮೇಲೆ ಕಂಪನಿ ಸರಕಾರವು ಈ ಪದ್ಧತಿಯನ್ನು ಒಮ್ಮೆಗೇ ನಿಲ್ಲಿಸಲು ಹಿಂಜರಿಯಿತು. ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನನ ನೀತಿಯಂತೆ ಅದರ ಒಂದು ಭಾಗವನ್ನು ವಿದ್ಯಾಭ್ಯಾಸಕ್ಕೆ ತಿರುಗಿಸಿ ೧೮೨೧ರ ಅಕ್ಟೋಬರ ೬ರಂದು ಎರಡನೆಯ ಬಾಜೀರಾಯನ ವಿಶ್ರಾಮಬಾಗವಾಡೆಯಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆಯಲಾಯಿತು. ‘ಹಿಂದೂ ಕಾಲೇಜು’ ಎಂದು ಅದರ ಹೆಸರು. ಹೆಸರು ವಿಶಾಲವಾಗಿದ್ದರೂ ಕಲಿಸುವವರೂ ಕಲಿಯುವವರೂ ಬ್ರಾಹ್ಮಣರೇ ಆಗಿದ್ದರು. ಇದರಲ್ಲಿ ಅಂದಿನ ಯಾರಿಗೂ ಆಶ್ಚರ್ಯ ತೋರಿರಲಾರದು. ದಕ್ಷಿಣೆಯ ಹಣ ಯಾರ ಹೆಸರಿನಲ್ಲಿತ್ತೋ ಅವರ ಮಕ್ಕಳೇ ಓದಿದರು.

ಆದರೆ ದಕ್ಷಿಣೆಯ ಹಣ ಎಲ್ಲಿಂದ ಬಂದಿತ್ತು? ರಾಜ್ಯದ ಹುಟ್ಟುವಳಿಯಿಂದ. ಹುಟ್ಟುವಳಿಯ ಬಹುಭಾಗ ಎಲ್ಲಿಂದ? ನೇಗಿಲು ಹಿಡಿದವನ ಕಂದಾಯದಿಂದ. ಈ ಪ್ರಶ್ನೆ ಮುಂದೆ ಪುಣೆಯಲ್ಲಿಯೇ ಎದ್ದಿತು. ೧೮೪೯ರಲ್ಲಿ ಲೋಕಹಿತವಾದಿ ಗೋಪಾಲ ಹರಿ ದೇಶಮುಖರೇ ಮೊದಲಾದ ಸುಧಾರಕರು ದಕ್ಷಿಣೆಯ ಹಣದ ಒಂದು ಪಾಲನ್ನು ದೇಶಭಾಷೆಯ ಉಪಯುಕ್ತ ಗ್ರಂಥಗಳಿಗೆ ಕೊಡಬೇಕೆಂದು ಸರಕಾರಕ್ಕೆ ಅರ್ಜಿ ಸಲ್ಲಿಸಿದರು. ಪುಣೆಯ ಸನಾತನಿಗಳು ಇದಕ್ಕೆ ತೀವ್ರವಾಗಿ ವಿರೋಧಿಸಿದರು. ೧೮೫೧ರಲ್ಲಿ ಸಂಸ್ಕೃತ ಕಾಲೇಜೂ ಇಂಗ್ಲಿಷ್ ಶಾಲೆಯೂ ಕೂಡಿ ‘ಪೂನಾ ಕಾಲೇಜು’ ಆಯಿತು. ಬ್ರಾಹ್ಮಣೇತರರಿಗೂ ಅಲ್ಲಿ ಪ್ರವೇಶವುಂಟೆಂಬ ನಿಯಮವೂ ಆ ಕಾಲದ್ದೇ. ೧೮೬೪ರಲ್ಲಿ ಅದಕ್ಕೆ ಡೆಕ್ಕನ್ ಕಾಲೇಜೆಂಬ ಹೆಸರು ಬಂದಿತು. ೧೮೬೮ರಲ್ಲಿ ಅದು ಪಾರಸಿ ದಾನಿಗಳಾದ ಸರ್ ಜಮಶೇಟಜಿ ಜೀಜೀಭಾಯಿಯವರ ಮನೆತನದ ಧನಸಹಾಯದಿಂದ ಕಟ್ಟಿದ ಯರವಡೆಯ ಭವನಕ್ಕೆ ಹೋಯಿತು.

ಇದೇ ಕಾಲದಲ್ಲಿ, ಇದೇ ಊರಿನಲ್ಲಿ, ಜೋತೀರಾವ ಫುಲೆಯವರೂ ಸಾವಿತ್ರೀಬಾಯಿಯವರೂ ೧೮೪೮ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ ಮುಂದೆ ಮಹಾರ, ಮಾಂಗ ಮೊದಲಾದವರ ಮಕ್ಕಳಿಗಾಗಿ ಶಾಲೆಗಳನ್ನೂ ತೆರೆದರು. ೧೮೫೨ರ ನವಂಬರ ೧೬ರಂದು ಸರಕಾರದ ಪರವಾಗಿ ಮೇಜರ್ ಕ್ಯಾಂಡಿಯು ಫುಲೆಯವರಿಗೆ ಶಾಲು ಹೊದಿಸಿ ಸನ್ಮಾನಿಸಿದ್ದು ಆ ವಿಶ್ರಾಮಬಾಗವಾಡೆಯಲ್ಲಿಯೇ. ಮೂವತ್ತೊಂದು ವರ್ಷಗಳ ಹಿಂದೆ ಒಂದೇ ವರ್ಣದವರಿಗಾಗಿ ತೆರೆದ ಕಟ್ಟಡದಲ್ಲಿ ಮಾಳಿ ಜಾತಿಯ ಶಿಕ್ಷಕನೊಬ್ಬನು ಗೌರವ ಪಡೆದನು. ಆದರೆ ಸನ್ಮಾನ ಬೇರೆ, ಪ್ರವೇಶ ಬೇರೆ. ಇದಕ್ಕೆ ದೃಷ್ಟಾಂತವು ಕನ್ನಡನಾಡಿನಿಂದಲೇ ದೊರೆಯುತ್ತದೆ.

೨. ಧಾರವಾಡದ ಹುಡುಗ

೧೮೫೬ರ ಜೂನ್ ತಿಂಗಳಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಮಹಾರ ಜಾತಿಯ ಹುಡುಗನೊಬ್ಬನು ಅರ್ಜಿ ಮಾಡಿಕೊಂಡನು. ಶಾಲೆಯಲ್ಲಿ ಅವನಿಗೆ ಪ್ರವೇಶ ದೊರೆಯಲಿಲ್ಲ. ಹುಡುಗನು ಅಲ್ಲಿಗೇ ಸುಮ್ಮನಾಗದೆ ಮುಂಬಯಿ ಸರಕಾರದವರೆಗೂ ದೂರು ಒಯ್ದನು. ಸರಕಾರವು ಜುಲೈ ತಿಂಗಳ ತನ್ನ ನಿರ್ಣಯದಲ್ಲಿ, ನ್ಯಾಯವು ಹುಡುಗನ ಕಡೆಗಿದೆಯೆಂಬುದನ್ನು ಬಹುಮಟ್ಟಿಗೆ ಒಪ್ಪಿಕೊಂಡೇ, ಒಬ್ಬನ ಸಲುವಾಗಿ ಉಳಿದವರೆಲ್ಲ ಶಾಲೆ ಬಿಟ್ಟುಹೋದರೆ ಶಾಲೆಯೇ ನಿರರ್ಥಕವಾಗುವುದೆಂಬ ಕಾರಣವನ್ನು ಮುಂದುಮಾಡಿ ಅವನ ಅರ್ಜಿಯನ್ನು ತಿರಸ್ಕರಿಸಿತು. ಆ ಕಾಗದಗಳಲ್ಲಿ ಅವನು ಒಬ್ಬ ಮಹಾರ ಹುಡುಗನೆಂದಷ್ಟೇ ಕಾಣಿಸಿಕೊಳ್ಳುತ್ತಾನೆ.

ವಿಷಯವು ಅಲ್ಲಿಗೆ ನಿಲ್ಲಲಿಲ್ಲ. ಹಿಂದುಸ್ಥಾನ ಸರಕಾರವು ೧೮೫೭ರ ಜನವರಿಯಲ್ಲಿ ಬರೆದ ಪತ್ರದಲ್ಲಿ ಬಂಗಾಲದ ಸರಕಾರಿ ಶಾಲೆಯಲ್ಲಾಗಿದ್ದರೆ ಹೀಗೆ ನಿರಾಕರಿಸುತ್ತಿರಲಿಲ್ಲವೆಂದು ಸೂಚಿಸಿತು. ೧೮೫೮ರ ಏಪ್ರಿಲ್ ೨೮ರಂದು ಲಂಡನ್ನಿನ ಕಂಪನಿಯ ಆಡಳಿತ ಮಂಡಳಿಯು ಸರಕಾರಿ ವಿದ್ಯಾಸಂಸ್ಥೆಗಳು ಜಾತಿಭೇದವಿಲ್ಲದೆ ಸರ್ವರಿಗೂ ತೆರೆದಿರತಕ್ಕವೆಂದು ನಿಶ್ಚಯಿಸಿತು. ೧೮೮೨ರ ಹಂಟರ್ ಆಯೋಗವು ಈ ತತ್ತ್ವವನ್ನು ಮತ್ತೆ ಎತ್ತಿಹಿಡಿಯಿತು. ೧೯೨೮ರಲ್ಲಿ ಡಾಕ್ಟರ್ ಅಂಬೇಡಕರರು ಸೈಮನ್ ಆಯೋಗದ ಮುಂದೆ ದಲಿತರ ಶಿಕ್ಷಣದ ಸ್ಥಿತಿಯನ್ನು ನಿರೂಪಿಸುವಾಗ ಧಾರವಾಡದ ಈ ಪ್ರಕರಣವನ್ನು ವಿಸ್ತಾರವಾಗಿ ಉಲ್ಲೇಖಿಸಿದರು. ಹೀಗೆ ಇಡಿಯ ದೇಶದ ಸರಕಾರಿ ವಿದ್ಯಾಲಯಗಳ ಬಾಗಿಲು ತೆರೆಯುವ ನಿಯಮಕ್ಕೆ ಧಾರವಾಡದ ಒಬ್ಬ ಬಾಲಕನ ಹಟವು ನಿಮಿತ್ತವಾಯಿತು. ಕರ್ನಾಟಕದ ಶಿಕ್ಷಣದ ಇತಿಹಾಸದಲ್ಲಿ ಅವನಿಗೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

ನಿಯಮವಾದರೂ ಫಲವೇನು? ನಿಯಮವಾಗಿ ಸುಮಾರು ಕಾಲು ಶತಮಾನ ಕಳೆದ ಮೇಲೆ, ಹಂಟರ್ ಆಯೋಗದ ಕಾಲಕ್ಕೆ, ಮುಂಬಯಿ ಇಲಾಖೆಯ ಕಾಲೇಜು ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಸಂಖ್ಯೆ ಸೊನ್ನೆಯಾಗಿತ್ತು. ಸ್ತ್ರೀಯರ ವಿಷಯದಲ್ಲಿಯೂ ಬಾಗಿಲಿಗೂ ಪ್ರವೇಶಕ್ಕೂ ಇರುವ ಈ ಅಂತರ ಕಾಣುತ್ತದೆ. ಮುಂಬಯಿ ವಿಶ್ವವಿದ್ಯಾಲಯವು ೧೮೮೩ರಲ್ಲಿ ಸ್ತ್ರೀಯರಿಗೆ ಪದವಿ ಪರೀಕ್ಷೆಗಳನ್ನು ತೆರೆಯಿತು. ಪುಣೆಯಲ್ಲಿ ಬೆಳೆದ ಕ್ರೈಸ್ತ ಮನೆತನದ ಕಾರ್ನೀಲಿಯಾ ಸೊರಾಬ್ಜಿಯು ಡೆಕ್ಕನ್ ಕಾಲೇಜು ಸೇರಿ ೧೮೮೮ರಲ್ಲಿ ಆ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆಯಾದಳು. ತಾನು ತರಗತಿಗೆ ಬರುವಾಗ ಸಹಪಾಠಿಗಳು ಬಾಗಿಲು ಮುಚ್ಚುತ್ತಿದ್ದುದನ್ನು ಆಕೆಯೇ ಮುಂದೆ ನೆನೆದಿದ್ದಾಳೆ. ಪರೀಕ್ಷೆಯಲ್ಲಿ ಮೇಲಾಗಿ ಬಂದರೂ ಹೆಣ್ಣೆಂಬ ಕಾರಣಕ್ಕೆ ವಿಲಾಯತಿಯ ಸರಕಾರಿ ವಿದ್ಯಾರ್ಥಿವೇತನ ಆಕೆಗೆ ತಪ್ಪಿತು. ಹಿತೈಷಿಗಳು ಕೂಡಿಸಿಕೊಟ್ಟ ಹಣದಿಂದ ಆಕೆ ೧೮೮೯ರಲ್ಲಿ ಆಕ್ಸ್‌ಫರ್ಡಿಗೆ ಹೋದಳು.

೩. ವಾರಾನ್ನವೆಂಬ ವಿದ್ಯಾರ್ಥಿವೇತನ

ನಿಯಮವಿದ್ದರೂ ಪಟ್ಟಿಯಲ್ಲಿ ಸೊನ್ನೆಯೇ ಉಳಿದುದಕ್ಕೆ ಬಡತನವೇ ಕಾರಣವೆಂದು ಹೇಳುವ ವಾಡಿಕೆಯಿದೆ. ಆದರೆ ಪುಣೆಯಲ್ಲಿ ಓದಿದ ಬ್ರಾಹ್ಮಣ ವಿದ್ಯಾರ್ಥಿಗಳಲ್ಲಿಯೂ ಕಡುಬಡವರಿದ್ದರು. ಕೊಂಕಣದ ಹಳ್ಳಿಗಳಿಂದಲೂ ದೇಶದ ಬರಪೀಡಿತ ಗ್ರಾಮಗಳಿಂದಲೂ ಬರಿಗೈಯಲ್ಲಿ ಬಂದು ಓದಿ ಹೆಸರಾದವರ ಕಥೆಗಳನ್ನು ಪುಣೆ ಇಂದಿಗೂ ಅಭಿಮಾನದಿಂದ ಹೇಳುತ್ತದೆ. ಒಬ್ಬ ಬಡವನಿಗೆ ಸಾಧ್ಯವಾದುದು ಇನ್ನೊಬ್ಬ ಬಡವನಿಗೆ ಏಕೆ ಸಾಧ್ಯವಾಗಲಿಲ್ಲ?

ಇದಕ್ಕೆ ಉತ್ತರವು ವಾರಾನ್ನದಲ್ಲಿದೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳಲ್ಲಿ ಏಳು ದಿನದ ಊಟವನ್ನು ಗೊತ್ತುಮಾಡಿಕೊಂಡು ಬಡ ವಿದ್ಯಾರ್ಥಿಯು ವರ್ಷಗಟ್ಟಲೆ ಓದುತ್ತಿದ್ದನು. ಅದು ಸಾಲದಿದ್ದರೆ ಮಧುಕರಿ ಇತ್ತು. ಜೋಳಿಗೆ ಹಿಡಿದು ನಾಲ್ಕು ಮನೆ ತಿರುಗಿದರೆ ಹೊಟ್ಟೆಗೆ ಸಾಕಾಗುವಷ್ಟು ಅನ್ನ ಕೂಡುತ್ತಿತ್ತು. ಮಲಗಲು ಗುಡಿಯ ಪೌಳಿಯೋ ಬಂಧುಗಳ ವಾಡೆಯ ಪಡಸಾಲೆಯೋ ಇದ್ದೇ ಇತ್ತು. ಧಾರವಾಡ, ವಿಜಾಪುರಗಳಲ್ಲಿಯೂ ಇದೇ ಪದ್ಧತಿ ಇದ್ದುದರಿಂದ ಅಲ್ಲಿಂದ ಬಂದ ಬ್ರಾಹ್ಮಣ ವಿದ್ಯಾರ್ಥಿಗೆ ಇದು ಹೊಸದಾಗಿರಲಿಲ್ಲ. ವಾರಾನ್ನದ ಊಟದಲ್ಲಿ ಅವಮಾನವಿರಲಿಲ್ಲವೆಂದಲ್ಲ. ಎಷ್ಟೋ ಜನರು ಅದರ ಕಹಿಯನ್ನು ಜನ್ಮವಿಡೀ ಮರೆಯಲಿಲ್ಲ. ಆದರೂ ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅದು ಒಂದು ಸಮಾಜವು ತನ್ನ ಮಕ್ಕಳಿಗೆ ಕೊಡುತ್ತಿದ್ದ ವಿದ್ಯಾರ್ಥಿವೇತನವೇ ಸರಿ. ಅದಕ್ಕೆ ಅರ್ಜಿ ಬೇಕಿರಲಿಲ್ಲ, ನಿಧಿ ಬೇಕಿರಲಿಲ್ಲ. ಹುಟ್ಟು ಒಂದೇ ಅರ್ಹತೆಯಾಗಿತ್ತು.

ಕುರುಬ, ಮರಾಠ, ನೇಕಾರ ಅಥವಾ ಮಾದಿಗ ಮನೆಯ ಹುಡುಗನಿಗೆ ಈ ಸೌಕರ್ಯವಿರಲಿಲ್ಲ. ಅವನು ಕಾಲೇಜಿನ ಶುಲ್ಕವನ್ನು ಹೇಗಾದರೂ ತೆತ್ತಾನು. ಆದರೆ ಪುಣೆಯಲ್ಲಿ ಯಾವ ಮನೆಯ ಪಂಕ್ತಿಯಲ್ಲಿ ಕುಳಿತಾನು? ಯಾವ ಓಣಿಯಲ್ಲಿ ಕೋಣೆ ಹಿಡಿದಾನು? ಮಹಾರ, ಮಾದಿಗರ ಮಾತಂತೂ ಇರಲಿ. ಬಾವಿಯ ನೀರೂ ಅವರಿಗೆ ಸುಲಭವಾಗಿರಲಿಲ್ಲ. ೧೮೮೨ರಲ್ಲಿ ಫುಲೆಯವರು ಹಂಟರ್ ಆಯೋಗಕ್ಕೆ ಸಲ್ಲಿಸಿದ ನಿವೇದನೆಯಲ್ಲಿ, ರೈತನ ಕಂದಾಯದ ಹಣವು ಉಚ್ಚ ವರ್ಗದವರ ಉಚ್ಚ ಶಿಕ್ಷಣಕ್ಕೆ ವ್ಯಯವಾಗುತ್ತಿದೆ, ರೈತನ ಮಕ್ಕಳಿಗೆ ಅಕ್ಷರವೂ ಇಲ್ಲ ಎಂದು ದೂರಿದುದು ಈ ಹಿನ್ನೆಲೆಯಲ್ಲಿಯೇ.

ಕನ್ನಡಿಗರ ಪುಣೆಯ ನೆನಪುಗಳನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡಬೇಕಾಗುತ್ತದೆ. ಆಲೂರರಿಗೂ ಬೇಂದ್ರೆಯವರಿಗೂ ಪುಣೆಯು ಭಾಷೆಯಿಂದ ಪರಸ್ಥಳವಾಗಿತ್ತು; ಪಂಕ್ತಿಯಿಂದ ಪರಸ್ಥಳವಾಗಿರಲಿಲ್ಲ. ಇದರಿಂದ ಅವರ ಸಾಧನೆಗೆ ಕುಂದಿಲ್ಲ. ಆದರೆ ಅವರ ಸರಿಸಮಾನ ಬುದ್ಧಿಯುಳ್ಳ ಎಷ್ಟು ಜನರು ಮ್ಯಾಟ್ರಿಕ್ಯುಲೇಶನ್ನಿನ ಹೊಸ್ತಿಲಲ್ಲಿಯೇ ನಿಂತರೆಂಬುದನ್ನು ಅವರ ಹೆಸರಿನ ಪ್ರಕಾಶವು ಮರೆಮಾಡಬಾರದು. ಡೆಪ್ಯುಟಿ ಚೆನ್ನಬಸಪ್ಪನವರು ಇಂಗ್ಲಿಷ್ ಕಲಿಯುವ ಹಂಬಲದಿಂದ ರೈಲಿಲ್ಲದ ಆ ಕಾಲದಲ್ಲಿ ಧಾರವಾಡದಿಂದ ಪುಣೆಗೆ ನಡೆದುಕೊಂಡೇ ಹೋದರೆಂಬ ಸಂಗತಿಯು ಕನ್ನಡಿಗರಲ್ಲಿ ಪ್ರಸಿದ್ಧವಾಗಿದೆ. ಅದನ್ನು ಸಾಹಸವೆಂದು ಮೆಚ್ಚುವುದು ಯೋಗ್ಯ. ಆದರೆ ವಿದ್ಯೆಯು ಸಾಹಸಿಗೆ ಮಾತ್ರ ದಕ್ಕುವ ಸ್ಥಿತಿಯು ಮೆಚ್ಚತಕ್ಕದ್ದಲ್ಲ.

೪. ಜಮಖಂಡಿಯಿಂದ ಬಂದ ವಿಠ್ಠಲ ರಾಮಜಿ

ಈ ಸ್ಥಿತಿಯನ್ನು ಒಳಗಿನಿಂದ ಕಂಡು ಅದಕ್ಕೆ ಪರಿಹಾರ ಹುಡುಕಿದವರಲ್ಲಿ ಮುಖ್ಯರಾದವರು ವಿಠ್ಠಲ ರಾಮಜಿ ಶಿಂದೆಯವರು. ಪುಣೆಯು ಅವರನ್ನು ಮಹರ್ಷಿಯೆಂದು ಕರೆದು ತನ್ನವರೆಂದು ಭಾವಿಸುತ್ತದೆ. ಅವರು ಹುಟ್ಟಿದ್ದು ೧೮೭೩ರ ಏಪ್ರಿಲ್ ೨೩ರಂದು, ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಜಮಖಂಡಿಯಲ್ಲಿ. ಮನೆಮಾತು ಮರಾಠಿ, ಊರ ಮಾತು ಕನ್ನಡ. ಜಮಖಂಡಿಯು ಆಗ ಪಟವರ್ಧನರ ಸಂಸ್ಥಾನವಾಗಿತ್ತು. ಪುಣೆಯ ಸರ್ ಪರಶುರಾಮಭಾವು ಕಾಲೇಜಿಗೆ ಆ ಮನೆತನದ ದೇಣಿಗೆಯಿಂದಲೇ ಹೆಸರು ಬಂದಿತೆಂಬುದನ್ನು ಇಲ್ಲಿ ನೆನೆಯಬಹುದು. ಕೃಷ್ಣಾತೀರದ ಕನ್ನಡ ರೈತರ ಕಂದಾಯವು ಹೀಗೆ ಪುಣೆಯ ವಿದ್ಯಾಮಂದಿರಗಳಿಗೂ ಸಂದಿದೆ.

ಶಿಂದೆಯವರು ೧೮೯೧ರಲ್ಲಿ ಮ್ಯಾಟ್ರಿಕ್ಯುಲೇಶನ್ ಮುಗಿಸಿದರು. ಕೈಯಲ್ಲಿ ಹಣವಿಲ್ಲದುದರಿಂದ ಕೂಡಲೆ ಕಾಲೇಜಿಗೆ ಹೋಗಲಾಗಲಿಲ್ಲ. ೧೮೯೩ರಲ್ಲಿ ಪುಣೆಗೆ ಬಂದು ಫರ್ಗ್ಯುಸನ್ ಕಾಲೇಜು ಸೇರಿ ೧೮೯೮ರಲ್ಲಿ ಬಿ.ಎ. ಆದರು. ಮರಾಠ ಮನೆತನದ ಈ ತರುಣನಿಗೆ ವಾರಾನ್ನದ ದಾರಿ ಇರಲಿಲ್ಲ. ಬಡೋದೆಯ ಸಯಾಜಿರಾವ ಮಹಾರಾಜರ ವಿದ್ಯಾರ್ಥಿವೇತನವು ಅವರ ವಿದ್ಯಾಭ್ಯಾಸಕ್ಕೆ ಆಧಾರವಾಯಿತು. ಪ್ರಾರ್ಥನಾ ಸಮಾಜವನ್ನು ಸೇರಿದ ಮೇಲೆ ಅವರು ೧೯೦೧ರಿಂದ ೧೯೦೩ರವರೆಗೆ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಮಾಡಿದರು.

ಈ ಕಾಲೇಜಿನ ಹಿಂದಿನ ಇತಿಹಾಸವು ನಮ್ಮ ವಿಷಯಕ್ಕೆ ಹತ್ತಿರವಾದುದು. ಇಂಗ್ಲಂಡಿನಲ್ಲಿ ಬಹುಕಾಲ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವಿಯು ರಾಜಮಾನ್ಯ ಚರ್ಚಿನ ಅನುಯಾಯಿಗಳಿಗೆ ಮೀಸಲಾಗಿತ್ತು. ಆ ಚರ್ಚನ್ನು ಒಪ್ಪದ ಕ್ರೈಸ್ತರು ತಮ್ಮ ಮಕ್ಕಳಿಗಾಗಿ ೧೭೮೬ರಲ್ಲಿ ಮ್ಯಾಂಚೆಸ್ಟರ್ ನಗರದಲ್ಲಿ ಬೇರೆ ವಿದ್ಯಾಲಯ ಕಟ್ಟಿಕೊಂಡರು. ೧೮೭೧ರ ಕಾಯಿದೆಯಿಂದ ಮತದ ಅಡ್ಡಿಯು ಬಹುಮಟ್ಟಿಗೆ ತೊಲಗಿದ ಮೇಲೆ, ೧೮೮೯ರಲ್ಲಿ, ಆ ವಿದ್ಯಾಲಯವು ಆಕ್ಸ್‌ಫರ್ಡಿಗೇ ಬಂದು ನೆಲೆಸಿತು. ಹೊರಗಿಡಲ್ಪಟ್ಟವರು ಕಟ್ಟಿದ ಸಂಸ್ಥೆಯಲ್ಲಿ ಶಿಂದೆಯವರು ಓದಿದರು. ಸ್ವದೇಶಕ್ಕೆ ಮರಳಿ ಹೊರಗಿಡಲ್ಪಟ್ಟವರಿಗಾಗಿಯೇ ಸಂಸ್ಥೆಯೊಂದನ್ನು ಕಟ್ಟಿದರು.

೧೯೦೬ರ ಅಕ್ಟೋಬರ ೧೮ರಂದು ಮುಂಬಯಿಯಲ್ಲಿ ಅವರು ಸ್ಥಾಪಿಸಿದ ಸಂಸ್ಥೆಯನ್ನು ಭಾರತೀಯ ನಿರಾಶ್ರಿತ ಸಹಾಯಕಾರಿ ಮಂಡಳಿ ಎನ್ನುತ್ತಿದ್ದರು. ಅದರ ಕಾರ್ಯವು ಪುಣೆಗೂ ಹುಬ್ಬಳ್ಳಿಗೂ ಹಬ್ಬಿತು. ಪುಣೆಯ ಅಹಲ್ಯಾಶ್ರಮವು ಅದರ ಮುಖ್ಯ ಕೇಂದ್ರವಾಯಿತು. ಮಂಡಳಿಯು ಶಾಲೆಗಳನ್ನಷ್ಟೇ ತೆರೆಯದೆ ವಿದ್ಯಾರ್ಥಿನಿಲಯಗಳನ್ನೂ ನಡೆಸಿತು ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಶಿಂದೆಯವರೂ ಅವರ ತಂಗಿ ಜನಾಬಾಯಿಯವರೂ ಅಸ್ಪೃಶ್ಯರೆನಿಸಿಕೊಂಡವರ ವಸತಿಯ ನಡುವೆಯೇ ಇದ್ದು ಕೆಲಸ ಮಾಡಿದರು. ಪಾಠಶಾಲೆಯ ಮಗ್ಗುಲಲ್ಲಿ ಅಡಿಗೆಮನೆಯೂ ಇರಬೇಕೆಂಬ ಅರಿವು ಪುಣೆಯಲ್ಲಿ ವಾರಾನ್ನವಿಲ್ಲದೆ ಓದಿದವರಿಗೆ ಸಹಜವಾದುದು. ೧೯೧೭ರ ಕಲಕತ್ತೆಯ ಕಾಂಗ್ರೆಸ್ ಅಧಿವೇಶನವು ಅಸ್ಪೃಶ್ಯತೆಯ ವಿರುದ್ಧ ಠರಾವು ಮಾಡುವಲ್ಲಿಯೂ ಅವರ ಪ್ರಯತ್ನ ದೊಡ್ಡದು. ಅವರು ಕನ್ನಡ ಮರಾಠಿಗಳ ಸಂಬಂಧವನ್ನು ಕುರಿತು ಅಭ್ಯಾಸಪೂರ್ಣ ಲೇಖನಗಳನ್ನೂ ಬರೆದರು. ಎರಡೂ ಭಾಷೆಗಳ ನಡುವೆ ಬೆಳೆದ ಜಮಖಂಡಿಯ ಬಾಲ್ಯವು ಅಲ್ಲಿ ಫಲಿಸಿದೆ. ೧೯೪೪ರ ಜನವರಿ ೨ರಂದು ಅವರು ತೀರಿಕೊಂಡರು.

೫. ವಿದ್ಯಾರ್ಥಿನಿಲಯಗಳು

ಇದೇ ಅರಿವು ಕೊಲ್ಹಾಪುರದ ಶಾಹು ಮಹಾರಾಜರಲ್ಲಿ ಅರಸೊತ್ತಿಗೆಯ ಬಲದೊಡನೆ ಕೆಲಸಮಾಡಿತು. ೧೯೦೨ರ ಜುಲೈ ೨೬ರ ಆಜ್ಞೆಯಿಂದ ಅವರು ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಮುಂದೆ ತೆರವಾಗುವ ಸ್ಥಾನಗಳ ಪೈಕಿ ನೂರಕ್ಕೆ ೫೦ನ್ನು ಹಿಂದುಳಿದವರಿಗೆ ಮೀಸಲಿಟ್ಟುದು ಎಲ್ಲರಿಗೂ ಗೊತ್ತಿದೆ. ಆದರೆ ಆ ಸ್ಥಾನಗಳಿಗೆ ಬೇಕಾದ ಓದಿದವರನ್ನು ತಯಾರಿಸಿದ್ದು ಅವರ ಆಶ್ರಯದಲ್ಲಿ ಎದ್ದ ವಿದ್ಯಾರ್ಥಿನಿಲಯಗಳು. ೧೯೦೧ರಲ್ಲಿ ಮರಾಠರಿಗೂ ಜೈನರಿಗೂ, ೧೯೦೬ರಲ್ಲಿ ಮುಸಲ್ಮಾನರಿಗೂ, ೧೯೦೭ರಲ್ಲಿ ಲಿಂಗಾಯತರಿಗೂ, ೧೯೦೮ರಲ್ಲಿ ಅಸ್ಪೃಶ್ಯರಿಗೂ ನಿಲಯಗಳಾದವು. ಬೆಳಗಾವಿಯ ಕಡೆಯ ಅನೇಕ ಕನ್ನಡ ಹುಡುಗರಿಗೆ ಕೊಲ್ಹಾಪುರದ ರಾಜಾರಾಮ ಕಾಲೇಜು ಇದರಿಂದ ನಿಲುಕುವಂತಾಯಿತು.

ಕನ್ನಡನಾಡಿನಲ್ಲಿಯೂ ಸಮಾಜಗಳು ತಮ್ಮ ತಮ್ಮ ಮಕ್ಕಳಿಗಾಗಿ ನಿಧಿಗಳನ್ನು ಕೂಡಿಸಿದವು. ಧಾರವಾಡದಲ್ಲಿ ೧೮೮೩ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ಸಂಸ್ಥೆ ಹುಟ್ಟಿತು. ೧೯೦೬ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ನೆರವಿಗೆಂದು ಮೃತ್ಯುಪತ್ರ ಬರೆದಿಟ್ಟರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಮಠಗಳ ಪ್ರಸಾದನಿಲಯಗಳು ಸಾವಿರಾರು ಮಕ್ಕಳಿಗೆ ಅನ್ನವಿಟ್ಟವು. ಪುಣೆಯಲ್ಲಿ ೧೯೦೯ರಲ್ಲಿ ಹುಟ್ಟಿದ ಅನಾಥ ವಿದ್ಯಾರ್ಥಿಗೃಹವು ಮಧುಕರಿಯ ಬಡ ಹುಡುಗರನ್ನು ಒಂದೇ ಸೂರಿನಡಿ ಕೂಡಿಸಿತು. ತಾತ್ಪರ್ಯವೇನೆಂದರೆ, ವಾರಾನ್ನವು ಒಂದು ಸಮಾಜಕ್ಕೆ ತಾನಾಗಿ ಕೊಟ್ಟುದನ್ನು ಉಳಿದ ಸಮಾಜಗಳು ಚಂದಾ ಕೂಡಿಸಿ, ಕಟ್ಟಡ ಕಟ್ಟಿ, ಪಂಚರನ್ನು ನೇಮಿಸಿ ಪಡೆದುಕೊಳ್ಳಬೇಕಾಯಿತು.

ಆದರೆ ಇದರಲ್ಲಿಯೂ ಒಂದು ದೋಷವುಳಿಯಿತು. ಜಾತಿಗೊಂದು ನಿಲಯವಾದರೆ ಹಸಿವು ಹಿಂಗುತ್ತದೆ, ಪಂಕ್ತಿಭೇದ ಹಿಂಗುವುದಿಲ್ಲ. ಈ ದೋಷವನ್ನು ತಿದ್ದಿದವರು ಭಾವುರಾವ ಪಾಟೀಲರು. ೧೮೮೭ರಲ್ಲಿ ಕುಂಭೋಜದಲ್ಲಿ ಹುಟ್ಟಿದ ಇವರ ಜೈನ ಪೂರ್ವಿಕರು ಮೂಡಬಿದಿರೆಯ ಕಡೆಯಿಂದ ಬಂದವರೆಂದು ಹೇಳುತ್ತಾರೆ. ಕೊಲ್ಹಾಪುರದಲ್ಲಿ ಅಸ್ಪೃಶ್ಯರ ನಿಲಯದ ಸಮಾರಂಭಕ್ಕೆ ಹೋಗಿಬಂದು ಮೈಲಿಗೆಯ ಸ್ನಾನ ಮಾಡಲೊಪ್ಪದೆ ತಮ್ಮ ವಸತಿಯನ್ನು ಕಳೆದುಕೊಂಡವರು ಅವರು. ೧೯೧೯ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ೧೯೨೪ರಲ್ಲಿ ಸಾತಾರೆಯಲ್ಲಿ ತೆರೆದ ನಿಲಯದಲ್ಲಿ ಎಲ್ಲ ಜಾತಿಗಳ ಹುಡುಗರನ್ನು ಒಟ್ಟಿಗೆ ಇರಿಸಿದರು. ಹುಡುಗರೇ ನೀರು ತಂದರು, ಹುಡುಗರೇ ಅಡಿಗೆ ಮಾಡಿದರು, ಒಂದೇ ಸಾಲಿನಲ್ಲಿ ಕುಳಿತು ಉಂಡರು. ೧೯೨೭ರಲ್ಲಿ ಗಾಂಧೀಜಿಯವರು ಆ ನಿಲಯಕ್ಕೆ ಶಾಹು ಮಹಾರಾಜರ ಹೆಸರನ್ನಿಟ್ಟರು. ೧೯೩೨ರ ಸಪ್ಟಂಬರ ೨೪ರಂದು ಯರವಡೆಯಲ್ಲಿ ಆದ ಪುಣೆಯ ಒಪ್ಪಂದದ ಸ್ಮರಣೆಗಾಗಿ ಅವರು ಪುಣೆಯಲ್ಲಿಯೂ ಯೂನಿಯನ್ ಬೋರ್ಡಿಂಗ್ ಹೌಸ್ ಎಂಬ ಸರ್ವಜಾತಿಯ ನಿಲಯವನ್ನು ತೆರೆದರು. ಆ ಒಪ್ಪಂದವೆಂದರೆ ಮತಕ್ಷೇತ್ರಗಳ ವಿಷಯವಷ್ಟೇ ಎಂದು ಸಾಮಾನ್ಯರ ತಿಳಿವಳಿಕೆ. ಪ್ರತಿಯೊಂದು ಪ್ರಾಂತದ ಶಿಕ್ಷಣದ ಹಣದಲ್ಲಿ ದಲಿತರ ಶಿಕ್ಷಣಕ್ಕಾಗಿ ತಕ್ಕಷ್ಟು ಮೊತ್ತವನ್ನು ಬೇರೆಯಾಗಿ ತೆಗೆದಿಡಬೇಕೆಂಬ ಕಲಮೂ ಅದರಲ್ಲಿದೆ. ದಕ್ಷಿಣೆಯ ನಿಧಿಯಿಂದ ನೂರಾ ಹನ್ನೊಂದು ವರ್ಷಗಳ ತರುವಾಯ ಅದೇ ಪುಣೆಯಲ್ಲಿ ಜಮಾಖರ್ಚಿನ ಪುಸ್ತಕದಲ್ಲಿ ಹೊಸ ಖಾತೆಯೊಂದು ತೆರೆಯಿತು. ೧೯೪೪ರಲ್ಲಿ ಆರಂಭವಾದ ಮ್ಯಾಟ್ರಿಕ್ಯುಲೇಶನ್ನಿನ ಮುಂದಿನ ಸರಕಾರಿ ವಿದ್ಯಾರ್ಥಿವೇತನವೂ, ೧೯೫೧ರಲ್ಲಿ ಸಂವಿಧಾನಕ್ಕೆ ಸೇರಿದ ಹದಿನೈದನೆಯ ವಿಧಿಯ ನಾಲ್ಕನೆಯ ಉಪವಿಧಿಯೂ ಆ ಖಾತೆಯನ್ನು ದೇಶದ ಮಟ್ಟಕ್ಕೆ ವಿಸ್ತರಿಸಿದವು.

೬. ಭಾಷೆ ಮತ್ತು ದೇಶಾಂತರ

ಸ್ವಾತಂತ್ರ್ಯಾನಂತರ ಪುಣೆಗೆ ತನ್ನದೇ ವಿಶ್ವವಿದ್ಯಾಲಯವು ದೊರೆಯಿತು. ೧೯೪೯ರಲ್ಲಿ ಗಣೇಶಖಿಂಡದ ಹಳೆಯ ಗವರ್ನರರ ನಿವಾಸದಲ್ಲಿ ಅದು ನೆಲೆಗೊಂಡಿತು. ಕರ್ನಾಟಕ ವಿಶ್ವವಿದ್ಯಾಲಯವೂ ಅದೇ ವರ್ಷದ್ದು. ಅಲ್ಲಿಂದ ಮುಂದೆ ಪದವಿಗಾಗಿ ಪುಣೆಗೆ ಬರುವ ಅನಿವಾರ್ಯತೆ ಕನ್ನಡಿಗನಿಗೆ ಉಳಿಯಲಿಲ್ಲ. ಬಂದವರು ಆಯ್ಕೆಯಿಂದ ಬಂದರು. ಭಾಷೆಯ ದೃಷ್ಟಿಯಿಂದ ಪುಣೆಯು ಕನ್ನಡಕ್ಕೆ ಬಾಗಿಲು ಮುಚ್ಚಿತೆಂದು ಹೇಳುವುದು ನ್ಯಾಯವಲ್ಲ. ೧೯೩೪ರಲ್ಲಿ ಮುಚ್ಚಿ ೧೯೩೯ರಲ್ಲಿ ಸಂಶೋಧನ ಸಂಸ್ಥೆಯಾಗಿ ಮತ್ತೆ ತೆರೆದ ಡೆಕ್ಕನ್ ಕಾಲೇಜು ಭಾಷಾಶಾಸ್ತ್ರದಲ್ಲಿ ಕನ್ನಡಕ್ಕೆ ಗೌರವದ ಸ್ಥಾನ ಕೊಟ್ಟಿತು. ಎಂಟು, ಒಂಬತ್ತು, ಹತ್ತನೆಯ ಶತಮಾನಗಳ ಶಾಸನಗಳ ಆಧಾರದಿಂದ ಜಿ. ಎಸ್. ಗಾಯಿಯವರು ರಚಿಸಿದ ಹಳಗನ್ನಡದ ಐತಿಹಾಸಿಕ ವ್ಯಾಕರಣವನ್ನು ಆ ಸಂಸ್ಥೆಯೇ ೧೯೪೬ರಲ್ಲಿ ಪ್ರಕಟಿಸಿತು.

ದೇಶಾಂತರದ ವಿದ್ಯಾರ್ಥಿಗಳು ಬರತೊಡಗಿದಾಗ ಹಳೆಯ ಪ್ರಶ್ನೆಯೇ ಹೊಸ ರೂಪದಲ್ಲಿ ಎದುರಾಯಿತು. ಫರ್ಗ್ಯುಸನ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರೂ ವಿದ್ಯಾರ್ಥಿನಿಲಯದ ಮೇಲ್ವಿಚಾರಕರೂ ಆಗಿದ್ದ ಶಾಂತಾರಾಮ ಬಲವಂತ ಮುಜುಮದಾರರು ಗಡಹಿಂಗ್ಲಜದವರು. ಕನ್ನಡವು ಕಿವಿಗೆ ಬೀಳುವ ಗಡಿಯ ಊರದು. ಹುಡುಗಿಯೊಬ್ಬಳು ಹುಡುಗರ ನಿಲಯದ ಕಿಟಕಿಯಿಂದ ಒಳಗೆ ಏನನ್ನೋ ಕೊಡುತ್ತಿರುವುದನ್ನು ಅವರು ಕಂಡರು. ನಿಯಮಭಂಗವೆಂದು ವಿಚಾರಿಸಲು ಹೋದಾಗ ಒಳಗೆ ಮಾರಿಶಸ್ಸಿನ ವಿದ್ಯಾರ್ಥಿಯೊಬ್ಬನು ಕಾಮಾಲೆಯಿಂದ ಮಲಗಿದ್ದನು. ಆಕೆ ಅವನಿಗೆ ಪಥ್ಯದ ಊಟ ತಂದಿದ್ದಳು. ಪರದೇಶದ ವಿದ್ಯಾರ್ಥಿಯು ಈ ಊರಿನಲ್ಲಿ ಎಷ್ಟು ಒಂಟಿಯೆಂಬುದು ಅವರಿಗೆ ಆಗ ಹೊಳೆಯಿತು. ಅದರ ಫಲವಾಗಿ ೧೯೭೧ರಲ್ಲಿ ಸಿಂಬಯೋಸಿಸ್ ಸಂಸ್ಥೆ ಹುಟ್ಟಿತು. ಅದು ಮೊದಲು ವಿದೇಶೀ ಮತ್ತು ಭಾರತೀಯ ವಿದ್ಯಾರ್ಥಿಗಳು ಕಲೆಯುವ ಸಾಂಸ್ಕೃತಿಕ ಕೇಂದ್ರವಾಗಿತ್ತು. ವಿಶ್ವವಿದ್ಯಾಲಯದ ಸ್ಥಾನಮಾನ ಬಂದುದು ೨೦೦೨ರಲ್ಲಿ. ಇಲ್ಲಿಯೂ ಮೊದಲು ಕಂಡದ್ದು ಪ್ರವೇಶಪತ್ರವಲ್ಲ, ಊಟದ ತಟ್ಟೆ.

೨೦೧೪ರಲ್ಲಿ ಪುಣೆ ವಿಶ್ವವಿದ್ಯಾಲಯಕ್ಕೆ ಸಾವಿತ್ರೀಬಾಯಿ ಫುಲೆಯವರ ಹೆಸರನ್ನಿಡಲಾಯಿತು. ೧೮೨೧ರ ವಿಶ್ರಾಮಬಾಗವಾಡೆಯಲ್ಲಿ ಸ್ತ್ರೀಯೆಂಬ ಕಾರಣಕ್ಕೂ ಜಾತಿಯ ಕಾರಣಕ್ಕೂ ಕಾಲಿಡಲಾಗದ ಹೆಣ್ಣುಮಗಳ ಹೆಸರು ಇಂದು ಪ್ರತಿಯೊಂದು ಪದವಿಪತ್ರದ ಮೇಲಿದೆ. ಇದು ಸಣ್ಣ ಸಂಗತಿಯಲ್ಲ.

ಹಾಗೆಂದು ಕೆಲಸ ಮುಗಿದಿದೆಯೆಂದು ತಿಳಿಯಲಾಗದು. ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೧೨ರಲ್ಲಿ ಉಚ್ಚ ಶಿಕ್ಷಣ ಸಂಸ್ಥೆಗಳಲ್ಲಿ ಸಮಾನತೆಯನ್ನು ಕುರಿತು ನಿಯಮಗಳನ್ನು ರಚಿಸಿ ನಿಲಯ ಮತ್ತು ಊಟದ ಮನೆಗಳಲ್ಲಿಯ ಭೇದವನ್ನೂ ಗಣನೆಗೆ ತಂದುಕೊಂಡಿತು. ಅಂಥ ನಿಯಮ ಬೇಕಾಯಿತೆಂಬುದೇ ಸ್ಥಿತಿಗೆ ಸಾಕ್ಷಿ. ಸರಕಾರಿ ನಿಲಯದಲ್ಲಿ ಸ್ಥಳ ದೊರೆಯದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ವಸತಿ ಊಟಗಳ ವೆಚ್ಚವನ್ನು ಕೊಡುವ ಸ್ವಾಧಾರ ಯೋಜನೆಯನ್ನು ಮಹಾರಾಷ್ಟ್ರ ಸರಕಾರವು ಅಂಬೇಡಕರರ ಹೆಸರಿನಲ್ಲಿ ಆರಂಭಿಸಿದುದೂ ಇದೇ ಅರಿವಿನಿಂದ. ಒಂದು ವಿದ್ಯಾಲಯವು ಎಷ್ಟು ವಿಶಾಲವಾಗಿದೆಯೆಂದು ತಿಳಿಯಬೇಕಾದರೆ ಪ್ರವೇಶದ ಪಟ್ಟಿಯೊಂದನ್ನೇ ನೋಡಿದರೆ ಸಾಲದು. ಯಾರಿಗೆ ಕೋಣೆ ಬಾಡಿಗೆಗೆ ಸಿಕ್ಕಿತು, ಯಾರು ಯಾರೊಡನೆ ಕುಳಿತು ಉಂಡರು, ಯಾರು ನಡುವೆಯೇ ಬಿಟ್ಟು ಊರಿಗೆ ಮರಳಿದರು ಎಂಬ ಲೆಕ್ಕವನ್ನೂ ನೋಡಬೇಕು.

ಈ ಲೆಕ್ಕದಲ್ಲಿ ಪುಣೆಯ ಕನ್ನಡಿಗರ ಪಾಲೂ ಇದೆ. ಕನ್ನಡಿಗರು ಇಲ್ಲಿ ಎರಡು ವಿಧದ ಅನುಭವಗಳನ್ನು ಪಡೆದವರು: ಭಾಷೆಯಿಂದ ಹೊರಗಿನವರಾಗಿ ನಿಂತವರೂ ಅವರೇ, ಹುಟ್ಟಿನ ಬಲದಿಂದ ಒಳಗಿನವರಾಗಿ ಉಂಡವರೂ ಅವರೇ. ಕಲಬುರ್ಗಿಯಿಂದಲೋ ರಾಯಚೂರಿನಿಂದಲೋ ಇಂದು ಪುಣೆಗೆ ಓದಲು ಬರುವ ಹುಡುಗನೋ ಹುಡುಗಿಯೋ ಮೊದಲು ಕೇಳುವುದು ಕಾಲೇಜಿನ ವಿಳಾಸವನ್ನಲ್ಲ, ಇರಲು ಒಂದು ಸ್ಥಳವನ್ನು. ಆ ಪ್ರಶ್ನೆಗೆ ಜಾತಿಯನ್ನು ಕೇಳದೆ ಉತ್ತರ ಕೊಡುವ ಮನೆಗಳು ಕನ್ನಡಿಗರಲ್ಲಿ ಎಷ್ಟಿವೆಯೆಂಬುದರ ಮೇಲೆ, ಧಾರವಾಡದ ಆ ಹುಡುಗನಿಗೆ ೧೮೫೬ರಿಂದ ಸಲ್ಲಬೇಕಾಗಿರುವ ಬಾಕಿ ಎಷ್ಟು ತೀರಿದೆಯೆಂಬುದು ಗೊತ್ತಾಗುತ್ತದೆ.